ಹೆಣ್ಣುಮಕ್ಕಳ ಸಾಲಿಯ ಮಾತು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಬೀದರಿನಲ್ಲಿ ಎಲ್ಲರಿಗೂ ಗೊತ್ತು. ಸುಮ್ಮನೆ ಬರುವುದಿಲ್ಲ, ಕಾರಣ ಇದ್ದಾಗಲೇ ಬರುತ್ತದೆ. ನಾವು ಮೈಸೂರು ರಾಜ್ಯಕ್ಕೆ ಸೇರಿದ ಆ ಚಳಿಗಾಲದಲ್ಲಂತೂ ಬೆಳಗಾದರೆ ಒಂದು ಹೊಸ ಕಾರಣ ಸಿಗುತ್ತಿತ್ತು. ನಿನ್ನೆಯವರೆಗೆ ಹೈದರಾಬಾದು ನಮ್ಮ ರಾಜಧಾನಿ, ಇವತ್ತು ಅದು ಪರರಾಜ್ಯ. ಬೆಂಗಳೂರು ಎಲ್ಲಿದೆ ಎಂದು ಹುಡುಗಿಯರಿಗೆ ನಕಾಶೆಯಲ್ಲಿ ತೋರಿಸುತ್ತಿದ್ದ ನನಗೇ ಅಲ್ಲಿಗೆ ಯಾವ ರೈಲು ಹೋಗುತ್ತದೆಂದು ತಿಳಿದಿರಲಿಲ್ಲ.

ನಾನು ಶಿವಕಾಂತಾ. ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಶಿಕ್ಷಕಿ ಎಂದು ಎಲ್ಲರೂ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದರು. ನಮ್ಮದು ಸರ್ಕಾರದ ಶಾಲೆಯಲ್ಲ. ಊರಿನ ವ್ಯಾಪಾರಸ್ಥರು ಕೂಡಿ ಒಂದು ಕಮಿಟಿ ಮಾಡಿ ಬೀದರಿನಲ್ಲಿ ಹುಡುಗಿಯರಿಗೆ, ಭಾಲ್ಕಿಯಲ್ಲೂ ಔರಾದಿನಲ್ಲೂ ಹುಡುಗರಿಗೆ ಶಾಲೆ ತೆರೆದಿದ್ದರು. ಪಗಾರ ಸರ್ಕಾರಿ ಮಾಸ್ತರರಿಗಿಂತ ಬಹಳ ಕಡಿಮೆ. ಆದರೆ ಒಂದು ಅನುಕೂಲ ಇತ್ತು. ಮಾಸ್ತರರಿಗಾಗಲಿ ಅವರ ಮನೆಯವರಿಗಾಗಲಿ ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿನ ಒಂದು ದವಾಖಾನೆಯಲ್ಲಿ ಕಮಿಟಿಯ ಖರ್ಚಿನಲ್ಲೇ ಚಿಕಿತ್ಸೆ ಆಗುತ್ತಿತ್ತು. ಹೆಂಗಸರಿಗಾಗಿ ಆ ದವಾಖಾನೆಯ ಲೇಡಿ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ನಮ್ಮ ಶಾಲೆಗೇ ಬಂದು ನೋಡಿ ಹೋಗುತ್ತಿದ್ದರು. ಯಾರನ್ನಾದರೂ ಹೈದರಾಬಾದಿಗೆ ಕರೆಸಬೇಕಾದರೆ ‘ಹೆಣ್ಣುಮಕ್ಕಳ ಸಾಲಿಯಿಂದ ಒಬ್ಬರು’ ಎಂದಷ್ಟೇ ಅವರು ಕಮಿಟಿಗೆ ತಿಳಿಸುತ್ತಿದ್ದರು. ಹೆಂಗಸರ ಕಾಯಿಲೆ, ಹೆಂಗಸರ ಹೆಸರು ಗಂಡಸರ ಬಾಯಿಗೆ ಬೀಳಬಾರದು ಎಂಬುದು ಮೊದಲಿನಿಂದ ಬಂದ ನಡೆ.

ರಾಜ್ಯ ಬದಲಾದದ್ದೇ ತಡ, ಸರ್ಕಾರಿ ಮಾಸ್ತರರಿಗೆ ಪಗಾರ ಏರುತ್ತದೆ ಎಂಬ ಸುದ್ದಿ ಹಬ್ಬಿತು. ನಮ್ಮ ಮಾಸ್ತರರ ಸಂಘವೂ ಕಮಿಟಿಯ ಮುಂದೆ ಹೋಗಿ ನಿಂತಿತು. ಅಧ್ಯಕ್ಷರು ಶಿವರಾಜಪ್ಪನವರು, ಬೇಳೆ ವ್ಯಾಪಾರಿ. ತೂಕ ಮಾಡುವಾಗ ಹೇಗೋ ಮಾತಾಡುವಾಗಲೂ ಹಾಗೆಯೇ, ಈ ಕಡೆ ಒಂದು ಕಾಳು ಹೆಚ್ಚಾಗಬಾರದು. ನಮ್ಮನ್ನು ಗಾದಿಯ ಮೇಲೆ ಕೂಡಿಸಿ, ಹೈದರಾಬಾದು ಈಗ ಪರರಾಜ್ಯವಾಯಿತು, ಅಲ್ಲಿನ ದವಾಖಾನೆಯವರು ದರ ಏರಿಸಿದ್ದಾರೆ ಎಂದು ಹೇಳಿದರು. ಪಗಾರ ಏರಿಸಬಹುದು, ಇಲ್ಲವೇ ದವಾಖಾನೆಯ ಏರ್ಪಾಡು ಉಳಿಸಬಹುದು, ಎರಡೂ ಆಗುವುದಿಲ್ಲ. ಯಾವುದು ಬೇಕೆಂದು ನೀವೇ ಕೂಡಿ ಹೇಳಿ, ಅಲ್ಲಿಯತನಕ ಯಾರನ್ನೂ ಹೈದರಾಬಾದಿಗೆ ಕಳಿಸುವುದಿಲ್ಲ ಎಂದರು. ನನಗೆ ಮೈಯೆಲ್ಲ ಉರಿಯಿತು. ಹೊಟ್ಟೆಗೆ ಕೊಟ್ಟರೆ ಔಷಧ ಇಲ್ಲ, ಔಷಧ ಕೊಟ್ಟರೆ ಹೊಟ್ಟೆಗೆ ಇಲ್ಲ, ಇದು ಯಾವ ಊರಿನ ನ್ಯಾಯ ಎಂದು ಕೇಳಿಯೇ ಬಿಟ್ಟೆ. ಅವರು ನಕ್ಕು ನೀರು ತರಿಸಿ ಕೊಟ್ಟರು.

ನನ್ನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಅದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮ ಶಾಲೆಯ ಎಲ್ಲರಿಗಿಂತ ಹಿರಿಯ ಶಿಕ್ಷಕಿ ಬದರುನ್ನಿಸಾ. ನಾವೆಲ್ಲ ಅವರಿಗೆ ಅಕ್ಕ ಎಂಬ ಅರ್ಥದಲ್ಲಿ ಆಪಾ ಅನ್ನುತ್ತಿದ್ದೆವು. ಗಂಡ ತೀರಿ ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ತಮ್ಮನ ಮಗಳು ಶಾಕಿರಾ ಬೇಗಂಳನ್ನು ಮೈಲೂರಿನ ತಮ್ಮ ಮನೆಗೆ ತಂದು, ಸಾಕಿ, ಓದಿಸಿ, ನಮ್ಮ ಶಾಲೆಯಲ್ಲೇ ಉರ್ದು ಕಲಿಸುವ ಕೆಲಸಕ್ಕೆ ಹಚ್ಚಿದ್ದರು. ಶಾಕಿರಾ ಅವರನ್ನು ಫುಪ್ಪು ಎಂದು ಕರೆಯುತ್ತಿದ್ದಳು, ಅಂದರೆ ಸೋದರತ್ತೆ. ನಮ್ಮ ಶಾಲೆಯಲ್ಲಿ ಅಷ್ಟು ಹುಡುಗಿಯರು ಕೂತಿದ್ದಾರೆಂದರೆ ಅದು ಆಪಾ ಬುರ್ಖಾ ಹಾಕಿಕೊಂಡು ಮನೆಮನೆ ತಿರುಗಿದ್ದರಿಂದ. ಟಾಂಗಾ ಮಾಡಿಸಿಕೊಂಡು ಬಗದಲ್ ಹಳ್ಳಿಯವರೆಗೂ ಹೋಗಿ ತಾಯಂದಿರ ಕೈಹಿಡಿದು ಬೇಡಿಕೊಂಡು ಬರುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಆಪಾ ತರಗತಿಯಲ್ಲೇ ಕುಸಿದು ಕುಳಿತರು. ಶಾಕಿರಾ ಅಂದು ರಜೆಯಲ್ಲಿದ್ದಳು. ಪುಣ್ಯಕ್ಕೆ ಲೇಡಿ ಡಾಕ್ಟರು ಬಂದ ದಿನ ಅದು. ಒಳಗಿನ ಕೋಣೆಯಲ್ಲಿ ಮಲಗಿಸಿ ನೋಡಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ಬುರ್ಖಾ ತೆಗೆದಾಗ ನೋಡಿದರೆ ಹೊಟ್ಟೆ ಐದು ತಿಂಗಳ ಬಸುರಿಯ ಹಾಗಿತ್ತು. ಇದು ಬರೀ ವಾಯು ಎಂದು ಮನೆಯಲ್ಲಿ ಶಾಕಿರಾಳಿಗೆ ಹೇಳಿ ಮುಚ್ಚಿಟ್ಟಿದ್ದರಂತೆ. ಗರ್ಭಕೋಶದಲ್ಲಿ ಗಡ್ಡೆ ಇದೆ, ಯುಗಾದಿಯೊಳಗೆ ಹೈದರಾಬಾದಿಗೆ ಬಂದು ತೆಗೆಸಿಕೊಂಡರೆ ಬದುಕುತ್ತೀರಿ, ತಡವಾದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದರು. ಅವರು ಹೋದ ಮೇಲೆ ಆಪಾ ನನ್ನ ಕೈ ಹಿಡಿದುಕೊಂಡು ಯಾರಿಗೂ ಹೇಳಬೇಡ ಎಂದರು. ನಾನು ಕೊರಳಲ್ಲಿದ್ದ ಲಿಂಗ ಮುಟ್ಟಿ ಮಾತು ಕೊಟ್ಟೆ. ಡಾಕ್ಟರು ಕಮಿಟಿಗೆ ತಿಳಿಸುವ ಮೊದಲೇ ಶಿವರಾಜಪ್ಪನವರು ಹೈದರಾಬಾದಿನ ದಾರಿ ತಡೆದರು. ಏರ್ಪಾಡು ಉಳಿದರೆ ಹೆಸರಿಲ್ಲದೆ ಹೋಗಿ ಬರಬಹುದು, ಕೇಳಿದವರಿಗೆ ಬಳಗದವರ ಮನೆಗೆ ಹೋಗಿದ್ದೆ ಅಂದರಾಯಿತು ಎಂದು ಇಬ್ಬರೂ ಸಮಾಧಾನ ಮಾಡಿಕೊಂಡೆವು. ತಮ್ಮ ಖರ್ಚಿನಲ್ಲಿ ಹೋಗಲು ಅವರಲ್ಲಿ ಏನೂ ಇರಲಿಲ್ಲ. ಮೈಮೇಲಿನ ಬಂಗಾರವೆಲ್ಲ ಆಗಲೇ ಶಾಕಿರಾಳ ಮದುವೆಗೆಂದು ಅಕ್ಕಸಾಲಿಗನ ಅಂಗಡಿ ಸೇರಿತ್ತು.

ಶಾಕಿರಾಳಿಗೆ ಔರಾದಿನ ಖಲೀಲ ಮುನ್ಷಿಯವರ ಮಗನನ್ನು ಗೊತ್ತು ಮಾಡಿದ್ದರು. ಖಲೀಲ ಮುನ್ಷಿ ನಮ್ಮ ಸಂಸ್ಥೆಯವರೇ, ಔರಾದ ಶಾಲೆಯಲ್ಲಿ ಉರ್ದು ಮಾಸ್ತರರು. ಹುಡುಗ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಸಂಕ್ರಾಂತಿಯ ಹೊತ್ತಿಗೆ ಮಂಗ್ನಿ, ಅಂದರೆ ಮದುವೆಯ ನಿಶ್ಚಯ, ಮುಗಿದು, ರಮಜಾನ್ ಈದ್ ಆದ ಮೇಲೆ ನಿಕಾಹ್ ಎಂದು ಮಾತಾಗಿತ್ತು. ಹುಡುಗಿಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮಂಗ್ನಿ ಆದ ಮುಂದಿನ ಐತವಾರ ಭಾಲ್ಕಿಯ ಶಾಲೆಯಲ್ಲಿ ಸಂಘದ ಸಭೆ ಸೇರಿತು. ಬೀದರಿನಿಂದ ನಾವು ರೈಲಿನಲ್ಲಿ ಹೋದೆವು, ಔರಾದಿನವರು ಮೋಟಾರಿನಲ್ಲಿ ಬಂದರು. ದೊಡ್ಡ ಕೋಣೆಯ ಒಂದು ಮೂಲೆಗೆ ಜಮಖಾನೆ ಕಟ್ಟಿ ಪರದೆ ಮಾಡಿದ್ದರು. ಅದರ ಒಳಗೆ ಆಪಾ, ಶಾಕಿರಾ ಮತ್ತು ಹೊಲಿಗೆ ಕಲಿಸುವ ಮುದುಕಿ ಬಿಸ್ಮಿಲ್ಲಾಬೀ ಕುಳಿತರು. ನನಗೆ ಪರದೆಯ ರೂಢಿ ಇಲ್ಲ. ಆದರೂ ಅವರನ್ನು ಬಿಟ್ಟು ಗಂಡಸರ ಸಾಲಿನಲ್ಲಿ ಕೂರುವುದೆಂತು ಎಂದು ಜಮಖಾನೆಯ ಅಂಚಿಗೇ ಕುಳಿತೆ. ಅಲ್ಲಿಂದ ಎರಡೂ ಕಡೆಯವರು ಕಾಣುತ್ತಿದ್ದರು.

ನಮ್ಮ ಸಂಘದಲ್ಲಿ ಕೈ ಎತ್ತಿಸಿ ಎಣಿಸುವ ಪದ್ಧತಿ ಇರಲಿಲ್ಲ. ಹಿರಿಯರ ಎದುರು ಕಿರಿಯರು ಕೈ ಎತ್ತಿ ಬೇರೆ ಮಾತು ಹೇಳುವುದು ಮರ್ಯಾದೆಯಲ್ಲ ಎಂದು ಎಲ್ಲರಿಗೂ ಅನಿಸುತ್ತಿತ್ತು. ಪ್ರತಿ ಶಾಲೆಯವರೂ ಮೊದಲು ತಮ್ಮೊಳಗೆ ಮಾತಾಡಿಕೊಳ್ಳುವುದು, ಸಭೆಯಲ್ಲಿ ಆ ಶಾಲೆಯ ಹಿರಿಯರು ಒಂದೇ ಮಾತು ಹೇಳುವುದು. ಅದೇ ಆ ಶಾಲೆಯ ಮಾತು, ಎರಡು ಶಾಲೆಯ ಮಾತು ಕೂಡಿದ್ದೇ ಸಂಘದ ತೀರ್ಮಾನ. ಅದಾದ ಮೇಲೆ ಆ ಶಾಲೆಯವರು ಯಾರೂ ಅದಕ್ಕೆ ಎದುರಾಗಿ ತುಟಿ ಬಿಚ್ಚುವಂತಿಲ್ಲ. ನಮ್ಮ ಶಾಲೆಯಲ್ಲಿ ಆಪಾ ಹೇಳಿದ್ದೇ ಆಗಲಿ ಎಂದು ಬಿಟ್ಟಿದ್ದೆವು. ದವಾಖಾನೆ ಎಂದು ಹೇಳು ಎಂದು ಅವರೇ ಹಿಂದಿನ ದಿನ ನನಗೆ ಅಂದಿದ್ದರು. ನಾನು ನಿಶ್ಚಿಂತೆಯಿಂದ ಬಂದಿದ್ದೆ.

ಮೊದಲು ಭಾಲ್ಕಿಯ ಹಿರಿಯರು ಮಡೆಪ್ಪ ಮಾಸ್ತರರು ಎದ್ದು ದವಾಖಾನೆ ಎಂದರು. ಹಿಂದಿನ ವರ್ಷ ಅವರ ಹೆಂಡತಿ ಗುರಮ್ಮ ಹೈದರಾಬಾದಿನಿಂದ ಜೀವ ಉಳಿಸಿಕೊಂಡು ಬಂದಿದ್ದರು. ಆಮೇಲೆ ಔರಾದಿನ ಪಂಢರಿ ಮಾಸ್ತರರು ಎದ್ದು ಪಗಾರ ಎಂದರು. ಹಾಗೆಂದು ಕುಳಿತುಕೊಳ್ಳದೆ ಕಾರಣವನ್ನೂ ಹೇಳಿದರು. ಔರಾದಿನಿಂದ ಹೈದರಾಬಾದು ಮುಟ್ಟುವುದರೊಳಗೆ ಕಾಯಿಲೆಯವನ ಕಥೆ ಮುಗಿದಿರುತ್ತದೆ. ಅವರ ಶಾಲೆಯಿಂದ ಇದುವರೆಗೆ ಒಬ್ಬರೂ ಹೋಗಿಲ್ಲ. ಸಂತಪುರದಿಂದ ಬರುವ ಇಬ್ಬರು ಮಾಸ್ತರರು ಮಕ್ಕಳಿಗೆ ಹಾಲು ತರುವುದನ್ನೂ ಬಿಟ್ಟಿದ್ದಾರೆ. ಇಷ್ಟನ್ನೂ ದನಿ ಏರಿಸದೆ ಹೇಳಿದರು. ಅವರ ಮಾತಿನಲ್ಲಿ ತಪ್ಪು ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಎದ್ದು ನಿಂತು ಜಗಳಕ್ಕೇ ಇಳಿದೆ. ಕಾಯಿಲೆ ಏನು ಮುಂಚೆ ಹೇಳಿ ಕಳಿಸಿ ಬರುತ್ತದೆಯೇ, ಇವತ್ತು ಗಟ್ಟಿ ಇದ್ದವರು ನಾಳೆಯೂ ಹಾಗೇ ಇರುತ್ತೇವೆಂದು ಯಾರಾದರೂ ಬರೆದು ಕೊಡುತ್ತೀರಾ ಎಂದು ಕೇಳಿದೆ. ಯಾರ ಹೆಸರೂ ಎತ್ತಲಿಲ್ಲ. ಇಷ್ಟು ಬೆಂಕಿಯಾಗಬೇಡಿ ಎಂದು ಮಡೆಪ್ಪ ಮಾಸ್ತರರೇ ನನ್ನನ್ನು ಸುಮ್ಮನಾಗಿಸಬೇಕಾಯಿತು. ಪಂಢರಿ ಮಾಸ್ತರರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ.

“ಬಾಯಾರ, ನಾವೂ ಕಲ್ಲಲ್ರಿ,” ಎಂದರು. “ಈಗ ನಮ್ಮೊಳಗ ಯಾರಿಗರ ಖರೇನೇ ದೊಡ್ಡ ಬ್ಯಾನಿ ಅದ ಅಂದ್ರ ಒಂದು ಹೆಸರು ಹೇಳ್ರಿ. ಔರಾದ ಸಾಲಿ ಈಗಿಂದೀಗ ಪಗಾರ ಬಿಡ್ತದ. ಹೆಸರು ಇಲ್ಲ ಅಂದ್ರ, ಇಲ್ಲದ ಬ್ಯಾನಿ ಸಲುವಾಗಿ ಮಕ್ಕಳ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ.”

ಔರಾದಿನವರೆಲ್ಲ ಹೌದೆಂದು ತಲೆಯಾಡಿಸಿದರು. ಅವರು ಮನಸಾರೆ ಒಪ್ಪಿದ್ದರು, ಒಂದೇ ಒಂದು ಹೆಸರು ಸಾಕಿತ್ತು. ಹೆಸರು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಪರದೆಯೊಳಗೆ ನೋಡಿದೆ. ಆಪಾ ಮುಸುಕು ಸರಿಸಿ ನನ್ನ ಕಡೆ ನೋಡಿ, ಬೇಡ ಎಂದು ತಲೆ ಅಲ್ಲಾಡಿಸಿದರು. ನಾನು ಹಲ್ಲು ಕಚ್ಚಿ ಕುಳಿತೆ.

ಆಗ ಖಲೀಲ ಮುನ್ಷಿಯವರು ಗಂಟಲು ಸರಿಮಾಡಿಕೊಂಡರು. ಅವರು ಸಜ್ಜನರು, ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಮಂಗ್ನಿಯಾದ ಮನೆ ಎಂಬ ಕಾಳಜಿಯಿಂದ ಕೇಳಿದರೋ ಏನೋ.

“ಬಾಯಿಯವರು ಇಷ್ಟು ಜೋರಿಲೆ ಮಾತಾಡ್ತಾರಂದ್ರ ಏನರ ಇರಬೇಕು. ಪಡದಾದ ಒಳಗ ಯಾರಿಗರ ತಬಿಯತ್ ಸರಿ ಇಲ್ಲೇನ್ರಿ?”

ಗಂಡಸರ ಕಣ್ಣುಗಳೆಲ್ಲ ಒಂದೇ ಸಲ ಜಮಖಾನೆಯ ಕಡೆ ತಿರುಗಿದವು. ಒಳಗಿದ್ದವರು ಮೂವರೇ. ಮಾವನಾಗುವವರ ದನಿ ಕೇಳಿ ಶಾಕಿರಾ ನಾಚಿ ತಲೆ ತಗ್ಗಿಸಿದ್ದಳು, ತುಟಿಯ ಮೇಲೆ ಸಣ್ಣ ನಗೆ ಇತ್ತು. ಆಪಾ ಆ ಹುಡುಗಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅವರೇ ಮಾತಾಡಿದರು. ಎಂದೂ ಗಂಡಸರ ಸಭೆಯಲ್ಲಿ ದನಿ ಎತ್ತಿದವರಲ್ಲ, ನಮ್ಮ ಶಾಲೆಯ ಮಾತನ್ನು ಪ್ರತಿಸಲವೂ ನನ್ನ ಕೈಯಲ್ಲೇ ಹೇಳಿಸುತ್ತಿದ್ದರು.

“ಪಡದಾದ ಒಳಗ ಎಲ್ಲಾರೂ ಚಲೋ ಅದೇವ್ರಿ. ಯಾರಿಗೂ ಏನೂ ಆಗಿಲ್ಲ. ಹೆಣ್ಮಕ್ಕಳ ಸಾಲಿ ಮಾತು ಪಗಾರ.”

ಮುಗಿಯಿತು. ಹಿರಿಯರು ಹೇಳಿದ ಮೇಲೆ ನಾನು ಬಾಯಿ ತೆರೆಯುವಂತಿರಲಿಲ್ಲ. ಖಲೀಲ ಮುನ್ಷಿ ಅಲ್ಲಾಹ್‌ನನ್ನು ನೆನೆದು ಹಗುರಾಗಿ ಉಸಿರು ಬಿಟ್ಟರು. ಪಂಢರಿ ಮಾಸ್ತರರು ಜಮಖಾನೆಗೆ ಕೈಮುಗಿದು, ಆಪಾ, ನಮ್ಮ ಮಕ್ಕಳು ನಿಮ್ಮ ಹೆಸರು ಹೇಳಿ ಉಣ್ಣುತ್ತಾರೆ ಎಂದರು. ಇದ್ದಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ.

ಬೀದರಿಗೆ ಮರಳುವಾಗ ಹೆಂಗಸರ ಡಬ್ಬಿಯಲ್ಲಿ ಶಾಕಿರಾ ಆ ತುದಿಯ ಕಿಟಕಿಯ ಪಕ್ಕ ಬಿಸ್ಮಿಲ್ಲಾಬೀ ಜೊತೆ ನಗುತ್ತಾ ಕುಳಿತಿದ್ದಳು. ನಾನು ಆಪಾರನ್ನು ಈ ತುದಿಗೆ ಎಳೆದು ತಂದು ತರಾಟೆಗೆ ತೆಗೆದುಕೊಂಡೆ. ನಿಮಗೆ ತಲೆ ಕೆಟ್ಟಿದೆಯೇ, ಅವರು ಪಗಾರವನ್ನೇ ಬಿಡುತ್ತೇವೆ ಅಂದರಲ್ಲ, ನನ್ನದೇ ಕಾಯಿಲೆ ಎಂದು ಒಂದು ಮಾತು ಹೇಳಲು ಏನಾಗಿತ್ತು ಎಂದು ಕೇಳಿದೆ. ಅವರು ನನ್ನ ಸಿಟ್ಟು ಇಳಿಯುವ ತನಕ ಕಾದರು.

“ಏನಂತ ಹೇಳ್ಲಿ ಶಿವಕಾಂತಾ? ಗಂಡ ಸತ್ತಾಕಿ ಹೊಟ್ಟಿ ಬೆಳದದ ಅಂದ್ರ ಜನ ಮೊದಲು ಏನಂತಾರ, ನಿನಗ ಗೊತ್ತಿಲ್ಲೇನು? ನನ್ನ ನಂಬಿ ಸಾಲಿಗಿ ಹೆಣ್ಮಕ್ಕಳಿಗಿ ಕಳಿಸಿದವರು ಮರುದಿನಾನೇ ಬಿಡಸ್ಕೊಂಡು ಹೋಗ್ತಾರ. ಗಡ್ಡಿನೇ ಅಂತ ನಂಬಿದವರು, ಫುಪ್ಪುಗ ಇದ್ದದ್ದು ಹುಡುಗಿಗೂ ಇರ್ತದ, ಮಕ್ಕಳಾಗಂಗಿಲ್ಲ ಅಂತಾರ. ಯಾವುದು ಅಂದರೂ ಮುನ್ಷಿ ಮನಿಯವರು ಮಂಗ್ನಿ ಮುರೀತಾರ. ಎಲ್ಲಾರೂ ಚಲೋ ಅದೇವ ಅಂದು ಮತ್ತ ದವಾಖಾನಿನೇ ಬೇಕು ಅಂದಿದ್ರ ಯಾರು ನಂಬ್ತಿದ್ರು? ನಿಕಾಹ್ ಆಗ್ಲಿ. ಆಮ್ಯಾಲ ನೋಡಮು.”

“ಯುಗಾದಿ ಮೊದಲ ಬರ್ತದ ಆಪಾ. ಈದ್ ಆಮ್ಯಾಲ ಬರ್ತದ,” ಎಂದೆ.

“ನನಗೂ ಗೊತ್ತದ,” ಎಂದರು.

ನನ್ನ ಕೈಯ ಬಂಗಾರದ ಬಿಲವಾರ ಬಿಚ್ಚಿ ಕೊಡುತ್ತೇನೆ, ನಾಳೆಯೇ ಹೋಗೋಣ ಎಂದೆ. ಮಂಗ್ನಿಯಾಗಿದೆ, ಇನ್ನು ಬೀಗರ ಮನೆಯ ಹೆಂಗಸರು ವಾರವಾರ ಬಂದು ಹೋಗುತ್ತಾರೆ, ಇವತ್ತು ಮುನ್ಷಿಯವರೇ ಎಲ್ಲರೆದುರು ಕೇಳಿದ್ದಾರೆ, ನಾನು ಹೈದರಾಬಾದಿನ ದವಾಖಾನೆಯಲ್ಲಿ ಮಲಗಿದರೆ ಸುದ್ದಿ ಮುಚ್ಚಿಡಲು ಆಗುತ್ತದೆಯೇ ಎಂದು ಅವರು ತಿರುಗಿ ಕೇಳಿದರು. ಹಾಗೆಯೇ ನನ್ನಿಂದ ಮತ್ತೆ ಮಾತು ತೆಗೆದುಕೊಂಡರು. ನಿಕಾಹ್ ಆಗುವ ತನಕ ಯಾರಿಗೂ ಹೇಳಬಾರದು, ಆದ ಮೇಲೂ ಈ ಕಾರಣವನ್ನು ಶಾಕಿರಾಳಿಗೆ ಎಂದೆಂದಿಗೂ ಹೇಳಬಾರದು. ಹುಡುಗಿ ಗಂಡನ ಮನೆಯಲ್ಲಿ ಒಂದು ತುತ್ತು ಸಮಾಧಾನದಿಂದ ಉಣ್ಣಬೇಕು ಎಂದರು. ನಾನು ಅತ್ತುಕೊಂಡೇ ಮಾತು ಕೊಟ್ಟೆ.

ಯುಗಾದಿ ಬಂತು, ಹೋಯಿತು. ಅಂದು ನಮ್ಮ ಮನೆಯಲ್ಲಿ ನಾನು ಹೋಳಿಗೆ ಮಾಡಲಿಲ್ಲ. ಪಗಾರ ಏರಿತು. ಮಾಸ್ತರರ ಮುಖದಲ್ಲಿ ಕಳೆ ಬಂತು. ಪಂಢರಿ ಮಾಸ್ತರರು ಔರಾದಿನಿಂದ ನಮ್ಮ ಶಾಲೆಗೆ ಒಂದು ಚೀಲ ಹೊಸ ತೊಗರಿ ಕಳಿಸಿದರು. ಶಿವರಾಜಪ್ಪನವರು ಸ್ವತಃ ಬಂದು, ಹೆಣ್ಣುಮಕ್ಕಳ ಶಾಲೆಯವರಿಗೆ ಇರುವ ತಿಳುವಳಿಕೆ ಗಂಡಸರಿಗಿಲ್ಲ ಎಂದು ಹೊಗಳಿ ಹೋದರು. ಲೇಡಿ ಡಾಕ್ಟರು ಬರುವುದು ನಿಂತಿತು. ಆಪಾ ದಿನಾ ಬರುತ್ತಿದ್ದರು, ಕುಳಿತೇ ಪಾಠ ಹೇಳುತ್ತಿದ್ದರು. ರಮಜಾನ್ ಬಂದಾಗ, ರೋಜಾ ಉಪವಾಸ ಇರಬೇಡಿ ಎಂದು ಬೈದೆ. ಇಲ್ಲದಿದ್ದರೆ ಯಾಕೆ ಇಲ್ಲವೆಂದು ಕೇಳುತ್ತಾರೆ ಎಂದು ರೋಜಾ ಇದ್ದರು.

ಈದ್ ಆದ ಮೇಲೆ ನಿಕಾಹ್ ಆಯಿತು. ಬೀಗರ ಕಡೆಯ ಹೆಂಗಸರಿಗೆ ಕಾಣದ ಹಾಗೆ ದುಪಟ್ಟಾವನ್ನು ಎರಡು ಸುತ್ತು ಹೊದ್ದುಕೊಂಡು ಆಪಾ ಎಲ್ಲರಿಗೂ ಎದುರು ನಿಂತು ಬಡಿಸಿದರು. ಶಾಕಿರಾ ಔರಾದಿಗೆ ಹೊರಟಾಗ ಮಾತ್ರ ಗೋಡೆ ಹಿಡಿದುಕೊಂಡರು. ಮಗಳನ್ನು ಕಳಿಸುವ ಸಂಕಟ ಎಂದು ಎಲ್ಲರೂ ಅಂದುಕೊಂಡರು.

ಅದರ ಮರುವಾರವೇ ನಾನು ಔರಾದಿನ ಮೋಟಾರು ಹತ್ತಿದೆ. ಪಂಢರಿ ಮಾಸ್ತರರ ಮನೆಯಲ್ಲಿ ಅವರ ಹೆಂಡತಿ ಕೌಸಲ್ಯಾಬಾಯಿ ಕೊಟ್ಟ ನೀರು ಕೂಡ ಕುಡಿಯದೆ, ಆಪಾಗೆ ಗಡ್ಡೆ ಇರುವುದನ್ನು, ಡಾಕ್ಟರು ಕೊಟ್ಟ ಗಡುವನ್ನು ಹೇಳಿದೆ. ಮಂಗ್ನಿಯ ಮಾತು ಎತ್ತಲಿಲ್ಲ.

“ನಾ ಕೇಳಿದ್ದೆನಲ್ರಿ ಬಾಯಾರ,” ಎಂದರು ಮಾಸ್ತರರು. “ಒಂದೇ ಒಂದು ಹೆಸರು ಕೇಳಿದ್ದೆ.”

ಅವರ ಕಣ್ಣಲ್ಲಿ ನೀರಿತ್ತು. ಏರಿದ ಪಗಾರದಲ್ಲಿ ಮೂರೂ ಶಾಲೆಯವರು ಕೊಡುವಂತೆ ಅವರೇ ಯಾರ ಹೆಸರೂ ಹೇಳದೆ ತಿರುಗಾಡಿ ಕೂಡಿಸಿದರು, ಒಬ್ಬರೂ ಇಲ್ಲವೆನ್ನಲಿಲ್ಲ. ಹಾಲು ಬಿಟ್ಟಿದ್ದ ಸಂತಪುರದ ಮಾಸ್ತರರು ಎಲ್ಲರಿಗಿಂತ ಮೊದಲು ತಂದುಕೊಟ್ಟರಂತೆ. ನಾನೇ ಆಪಾರನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ. ಹೊಟ್ಟೆ ತೆರೆದು ನೋಡಿ, ಹಾಗೆಯೇ ಹೊಲಿದು ಮುಚ್ಚಿದರು. ಎಲ್ಲ ಕಡೆ ಹರಡಿದೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅದೇ ಲೇಡಿ ಡಾಕ್ಟರು ಹೊರಗೆ ಬಂದು, ಓದಿದವಳು ನೀನು, ಜೊತೆಗಿದ್ದೂ ಹೀಗೆ ಬಿಟ್ಟೆಯಲ್ಲ ಎಂದು ಎಲ್ಲರ ಮುಂದೆ ನನ್ನನ್ನು ಬೈದರು. ನಾನು ಬೈಸಿಕೊಂಡೆ.

ಆಪಾ ಮೈಲೂರಿನ ಮನೆಯಲ್ಲಿ ಹಾಸಿಗೆ ಹಿಡಿದರು. ಸುದ್ದಿ ತಿಳಿದು ಶಾಕಿರಾ ಔರಾದಿನಿಂದ ಓಡಿಬಂದಳು. ಕೈತುಂಬ ಹೊಸ ಬಳೆ, ಮೈಯಲ್ಲಿ ಮದುವೆಯ ಕಳೆ. ಹಾಸಿಗೆಯ ಪಕ್ಕ ಕುಳಿತು ಮೊದಲು ಅತ್ತಳು. ಆಮೇಲೆ ಸಿಟ್ಟಾದಳು. ಅಷ್ಟು ಸಿಟ್ಟು ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

“ಪಂಢರಿ ಮಾಸ್ತರು ಎಷ್ಟು ಛಂದ ಕೇಳಿದ್ರು ಫುಪ್ಪು. ಒಂದು ಹೆಸರು ಹೇಳ್ರಿ ಅಂದ್ರು. ನಾ ಅಲ್ಲೇ ನಿನ್ನ ಬಾಜೂಕ ಕುಂತಿದ್ದೆ. ನಿನ್ನ ಹೆಸರು ನೀ ಹೇಳೂದು ಅಷ್ಟು ಭಾರ ಆಯ್ತೇನು? ನೀ ಹೋದ್ರ ನನಗ ತವರಮನಿ ಅನ್ನಾಕ ಯಾರದಾರ? ಆವತ್ತು ನನ್ನ ನೆನಪರ ಆಗಲಿಲ್ಲೇನು ನಿನಗ?”

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ, ಬಾಯಿ ತೆರೆದೆ. ಆಪಾ ದಿಂಬಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

“ಶಿವಕಾಂತಾ, ಹುಡುಗಿ ದೂರದಿಂದ ಬಂದದ. ಒಂದೀಟು ಚಹಾ ಮಾಡಿ ಕೊಡವ್ವ,” ಎಂದರು.

ಅಡುಗೆಮನೆಗೆ ಹೋದೆ. ಅವರ ಮನೆಯ ಒಲೆ ಮುಟ್ಟಿದಳೆಂದು ನಮ್ಮ ಓಣಿಯವರು ಆಡಿಕೊಂಡರೆ ಆಡಿಕೊಳ್ಳಲಿ. ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ನೀರು ಕುದಿಯಿತು. ಮುಖ ತೊಳೆದುಕೊಂಡು ಚಹಾ ತಂದು ಶಾಕಿರಾಳ ಕೈಗೆ ಕೊಟ್ಟೆ. ಅವಳು ಇನ್ನೂ ಅದನ್ನೇ ಕೇಳುತ್ತಿದ್ದಳು, ಈಗ ನನ್ನನ್ನು ಕೇಳಿದಳು.

“ಹೌದವ್ವ,” ಎಂದೆ. “ನಿಮ್ಮ ಫುಪ್ಪುಗ ಆವತ್ತು ಯಾರ ನೆನಪೂ ಆಗಲಿಲ್ಲ.”